ಎಲ್ಲರಿಗೂ ಐವತ್ತು

ಆಫೀಸಿನಲ್ಲಿ ಪ್ರಿಂಟ್ ಕೊಟ್ಟು, ಪ್ರಿಂಟರ್ ಮುಂದೆ ಹೋಗಿ ನಿಂತು, "ಯಾಕೆ ಬರ್ತಿಲ್ಲ ಇದು" ಅಂತ ಅದರ ಮುಖ ನೋಡಿದ ಅನುಭವ ನಿಮಗೂ ಇರುತ್ತದೆ. ನಿಮ್ಮ ಕಾಗದ ಎಲ್ಲೂ ಹೋಗಿರುವುದಿಲ್ಲ. ಅದು ಒಂದು ಕ್ಯೂನಲ್ಲಿ ನಿಂತಿರುತ್ತದೆ. ಆ ಕ್ಯೂ ಸಾಮಾನ್ಯವಾಗಿ ನಿಮ್ಮ ಕಣ್ಣಿಗೆ ಬೀಳುವುದಿಲ್ಲ, ನನ್ನ ಕಣ್ಣಿಗೆ ಬೀಳುತ್ತದೆ. ನನ್ನ ಹೊಟ್ಟೆಪಾಡೇ ಅದು. ಬೆಂಗಳೂರಿನ ಒಂದು ಕಂಪನಿಯಲ್ಲಿ ಸರ್ವರ್, ನೆಟ್‌ವರ್ಕ್, ಜೊತೆಗೆ ಯಾರೂ ಮುಟ್ಟಲು ಇಷ್ಟಪಡದ ಪ್ರಿಂಟರ್‌ಗಳು, ಇಷ್ಟೂ ನನ್ನ ಸುಪರ್ದಿಗೆ ಬಿದ್ದಿವೆ.

ಕಪ್ಪು ಪರದೆಯ ಮೇಲೆ ನಾನು ಒಂದು ಸಾಲು ಟೈಪ್ ಮಾಡಿದರೆ ನಿಮ್ಮ ಕಾಗದ ಎಲ್ಲರಿಗಿಂತ ಮುಂದೆ ಬರುತ್ತದೆ. ಇನ್ನೊಂದು ಸಾಲು ಟೈಪ್ ಮಾಡಿದರೆ ನಿಂತಲ್ಲೇ ನಿಲ್ಲುತ್ತದೆ. ಮತ್ತೊಂದಕ್ಕೆ ಕ್ಯೂನಿಂದಲೇ ಮಾಯ. ನಿಮ್ಮ ಹಿಂದೆ ಮುಂದೆ ಇರುವವರಿಗೆ ಇದು ಯಾವುದೂ ಗೊತ್ತಾಗುವುದಿಲ್ಲ. "ಪ್ರಿಂಟರ್ ಯಾಕೋ ಸ್ಲೋ ಇದೆ" ಅಂದುಕೊಂಡು ಕಾಫಿ ಕುಡಿಯಲು ಹೋಗುತ್ತಾರೆ.

ಯಾರಿಗೂ ಕಾಣದ ಹಾಗೆ ಕ್ಯೂ ಬದಲಿಸಲು ಆಗುತ್ತದೆ ಅಂದಾಗ, ಬದಲಿಸಬಹುದಾ? ಬದಲಿಸಬಹುದಾದರೆ ಯಾವಾಗ? ಕೇಳಲು ಸಣ್ಣ ಪ್ರಶ್ನೆ. ಆದರೆ ಕೆಲವು ವರ್ಷಗಳಿಂದ ನನ್ನನ್ನು ಬಿಡದೆ ಕಾಡುತ್ತಿದೆ. ಇಲ್ಲಿಯವರೆಗೆ ನನಗೆ ಹೊಳೆದ ಉತ್ತರವನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಈ ಯಂತ್ರದ ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ. ಲಿನಕ್ಸ್‌ನಲ್ಲೂ ಮ್ಯಾಕ್‌ನಲ್ಲೂ ಪ್ರಿಂಟಿಂಗ್ ನೋಡಿಕೊಳ್ಳುವ ವ್ಯವಸ್ಥೆಯ ಹೆಸರು ಕಪ್ಸ್. ಮೈಕೆಲ್ ಸ್ವೀಟ್ ಎಂಬ ಪ್ರೋಗ್ರಾಮರ್ 1997ರಲ್ಲಿ ಶುರುಮಾಡಿ 1999ರಲ್ಲಿ ಬಿಡುಗಡೆ ಮಾಡಿದ್ದು. 2002ರಲ್ಲಿ ಆ್ಯಪಲ್ ಅದನ್ನು ತನ್ನ ಮ್ಯಾಕ್‌ಗಳಲ್ಲಿ ಸೇರಿಸಿಕೊಂಡಿತು, 2007ರಲ್ಲಿ ಅದರ ಸೋರ್ಸ್ ಕೋಡನ್ನೇ ಕೊಂಡುಕೊಂಡಿತು. ಹಾಗಾಗಿ ನಿಮ್ಮ ಬ್ಯಾಗಿನಲ್ಲಿರುವ ಮ್ಯಾಕ್‌ಬುಕ್‌ನಲ್ಲೂ ಈ ಕಮಾಂಡ್‌ಗಳು ಕೂತಿವೆ. ಟರ್ಮಿನಲ್ ತೆರೆದು 'ಎಲ್‌ಪಿಸ್ಟಾಟ್ -ಓ' ಎಂದು ಹೊಡೆದರೆ ಕ್ಯೂ ಕಾಣುತ್ತದೆ. ಯಾವ ಪ್ರಿಂಟರ್, ಯಾವ ಜಾಬ್ ನಂಬರ್, ಯಾರ ಯೂಸರ್‌ನೇಮ್, ಎಷ್ಟು ಬೈಟ್, ಯಾವಾಗ ಕೊಟ್ಟಿದ್ದು. ಅಷ್ಟೇ.

ಪ್ರತಿ ಜಾಬ್‌ಗೂ ಒಂದು ಆದ್ಯತೆಯ ಅಂಕಿ ಇರುತ್ತದೆ. 1 ಅಂದರೆ ತೀರ ಕೆಳಗೆ, 100 ಅಂದರೆ ತೀರ ಮೇಲೆ. ಯಾರೂ ಏನೂ ಹೇಳದಿದ್ದರೆ ಕಪ್ಸ್ ಎಲ್ಲರಿಗೂ ಒಂದೇ ಅಂಕಿ ಕೊಡುತ್ತದೆ: 50. ಡೈರೆಕ್ಟರ್ ಕೊಟ್ಟ ಪ್ರಿಂಟಿಗೂ 50, ನಿನ್ನೆ ಸೇರಿದ ಇಂಟರ್ನ್ ಕೊಟ್ಟ ಪ್ರಿಂಟಿಗೂ 50. ಅಂಕಿ ಸಮ ಇದ್ದಾಗ ಮೊದಲು ಬಂದವರಿಗೆ ಮೊದಲು. ಈ ಕ್ಯೂ ಕೆಡಿಸುವುದು ಕಷ್ಟವಲ್ಲ. 'ಎಲ್‌ಪಿ -ಐ 214 -ಕ್ಯೂ 100' ಅಂದರೆ 214ನೇ ಜಾಬ್‌ಗೆ ನೂರಕ್ಕೆ ಬಡ್ತಿ. ದೊಡ್ಡಕ್ಷರದ ಎಚ್ ಹಾಕಿ 'ಹೋಲ್ಡ್' ಅಂದರೆ ಅದು ಅಲ್ಲೇ ತಡೆ. 'ರಿಸ್ಯೂಮ್' ಅಂದರೆ ಮತ್ತೆ ಚಾಲೂ. 'ಕ್ಯಾನ್ಸಲ್' ಅಂದರೆ ಕಥೆ ಮುಗಿಯಿತು. ಸಾಮಾನ್ಯ ಬಳಕೆದಾರರು ತಮ್ಮ ಜಾಬ್‌ನಲ್ಲಿ ಮಾತ್ರ ಕೈಯಾಡಿಸಬಹುದು. ಅಡ್ಮಿನ್ ಆದವನು ಎಲ್ಲರದ್ದರಲ್ಲೂ ಕೈಯಾಡಿಸಬಹುದು.

ಆ 50 ಎಂಬ ಅಂಕಿಯನ್ನು ನಾನು ಬಹಳ ದಿನ ಒಂದು ತಾಂತ್ರಿಕ ವಿವರ ಅಂತಲೇ ನೋಡುತ್ತಿದ್ದೆ. ಈಗ ಹಾಗೆ ಕಾಣುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ನಮ್ಮೂರಿಗೆ ಹೋಗಬೇಕು.

ನಮ್ಮೂರು ಬಬ್ಬೂರು, ಹಿರಿಯೂರಿನ ಪಕ್ಕ. ಹೊರಗಿನವರಿಗೆ ಗೊತ್ತಿರುವುದು ಬಬ್ಬೂರು ಫಾರಂ, ಅಂದರೆ ಕೃಷಿ ಸಂಶೋಧನಾ ಕೇಂದ್ರ. ನಮ್ಮ ಸೀಮೆಯಲ್ಲಿ ಬದುಕು ಅಂದರೆ ನೀರಿಗೆ ಕಾಯುವುದು. ಮಾರಿಕಣಿವೆಗೆ ಅಡ್ಡಕಟ್ಟಿ ವಾಣಿವಿಲಾಸ ಸಾಗರ ಮುಗಿದದ್ದು 1907ರಲ್ಲಿ. ಅದು ತುಂಬಿ ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ ಬಿದ್ದದ್ದು 2022ರಲ್ಲಿ. ಒಂದು ಪೂರ್ತಿ ತಲೆಮಾರು ಕೋಡಿ ನೋಡದೆಯೇ ಹೋಯಿತು. ಹೀಗೆ ಕಾದು ಕಾದು ಅಭ್ಯಾಸವಾದ ಜನಕ್ಕೆ ಪಾಳಿ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ.

ಆದರೆ ಹಳ್ಳಿಯ ಪಾಳಿ ಎಂದೂ ಎಲ್ಲರಿಗೂ ಐವತ್ತು ಕೊಟ್ಟಿದ್ದಲ್ಲ. ನಾಲೆ ಯಾವುದೇ ಇರಲಿ, ಮೇಲಿನ ಹೊಲದವನಿಗೆ ನೀರು ಮೊದಲು ಸಿಗುತ್ತದೆ, ಕೊನೆಯ ಹೊಲದವನಿಗೆ ಮಿಕ್ಕಿದ್ದು. ಅದು ಭೂಮಿಯ ಇಳಿಜಾರು ಕೊಟ್ಟ ಆದ್ಯತೆ. ಇನ್ನೊಂದು ಜಾತಿ ಕೊಟ್ಟ ಆದ್ಯತೆ. ಎಷ್ಟೋ ಊರುಗಳಲ್ಲಿ ಊರ ಬಾವಿಯ ಹತ್ತಿರ ದಲಿತರಿಗೆ ಸಾಲೇ ಇರಲಿಲ್ಲ. ಬೇರೆಯವರು ಬಂದು ನೀರು ಸೇದಿ ಹಾಕುವವರೆಗೆ ಕೊಡ ಇಟ್ಟುಕೊಂಡು ದೂರ ನಿಲ್ಲಬೇಕಿತ್ತು. ಅವರು ಎಷ್ಟು ಹೊತ್ತಿಗೆ ಬಂದರು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಯಾರು ಎಂಬುದೊಂದೇ ಪ್ರಶ್ನೆ.

ಅಂಥ ನೆಲದಿಂದ ಬಂದವನಿಗೆ "ಮೊದಲು ಬಂದವರಿಗೆ ಮೊದಲು" ಎಂಬ ಮೂರು ಪದ ಸಣ್ಣದಾಗಿ ಕಾಣಬಾರದು. ಅದು ಬಂದವರ ಜಾತಿ ಕೇಳದ, ಅಂಗಿಯ ಇಸ್ತ್ರಿ ನೋಡದ, "ಯಾರ ಕಡೆಯವರು" ಅಂತ ವಿಚಾರಿಸದ ನಿಯಮ. ನಿನ್ನ ಅರ್ಹತೆ ಏನು ಅಂತ ನೀನು ಯಾರಿಗೂ ಸಾಬೀತು ಮಾಡಬೇಕಿಲ್ಲ, ಬಂದು ನಿಂತರೆ ಸಾಕು. ಬಸ್ ಸ್ಟ್ಯಾಂಡಿನ ಟಿಕೆಟ್ ಕೌಂಟರಿನಲ್ಲಿ, ಪಡಿತರ ಅಂಗಡಿಯಲ್ಲಿ, ಮತಗಟ್ಟೆಯಲ್ಲಿ ನಮ್ಮ ಜನ ಇದನ್ನು ಕಲಿತದ್ದು ಇತ್ತೀಚೆಗೆ, ಮತ್ತು ಪೂರ್ತಿ ಕಲಿತಿದ್ದೇವೆ ಅಂತಲೂ ಹೇಳುವಂತಿಲ್ಲ.

ಕರ್ನಾಟಕದಲ್ಲಿ ಈ ನಿಯಮವನ್ನು ಸಾಫ್ಟ್‌ವೇರ್ ಒಳಗೆ ಕೂರಿಸಿದ ಒಂದು ದೊಡ್ಡ ಪ್ರಯತ್ನ ನಡೆದಿದೆ: ಭೂಮಿ ಯೋಜನೆ. ಅದಕ್ಕೆ ಮೊದಲು ಪಹಣಿ ಅಂದರೆ ಕೈಬರಹ. ರಾಜ್ಯದ ಸುಮಾರು 9,000 ಗ್ರಾಮ ಲೆಕ್ಕಿಗರ ಪುಸ್ತಕಗಳಲ್ಲಿ ರೈತರ ನೆಲ ಇತ್ತು. ಲೆಕ್ಕಿಗರು ಸಿಕ್ಕಾಗ ಪಹಣಿ, ಅವರಿಗೆ ಮನಸ್ಸಾದಾಗ ಪಹಣಿ. 2000ದ ದಶಕದ ಆರಂಭದ ಹೊತ್ತಿಗೆ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಭೂಮಾಲೀಕರ ದಾಖಲೆಗಳು ಕಂಪ್ಯೂಟರಿಗೆ ಹೋದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪ್ರಿಂಟ್ ಬಂತು.

ಆ ಯೋಜನೆಯಲ್ಲಿ ನನಗೆ ಇವತ್ತಿಗೂ ಮುಖ್ಯ ಅನ್ನಿಸುವುದು ಎರಡು ಸಣ್ಣ ಸಂಗತಿ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ತೆಗೆದುಕೊಳ್ಳಬೇಕು ಎಂಬುದನ್ನು ಸುತ್ತೋಲೆಯಲ್ಲಿ ಬರೆದು ಕೈಬಿಡದೆ ಸಾಫ್ಟ್‌ವೇರಿಗೇ ಹೇಳಿದ್ದು ಮೊದಲನೆಯದು. ಕಿಟಕಿಯ ಹತ್ತಿರ ಇನ್ನೊಂದು ಪರದೆಯನ್ನು ರೈತನ ಕಡೆಗೆ ತಿರುಗಿಸಿ ಇಟ್ಟದ್ದು ಎರಡನೆಯದು. ಒಳಗೆ ಕೂತವರು ಏನು ಮಾಡುತ್ತಿದ್ದಾರೆ ಅಂತ ಹೊರಗೆ ನಿಂತವರಿಗೂ ಕಾಣಲಿ ಅಂತ. ಕ್ಯೂ ಕಾಯುವ ನಿಯಮ ಒಂದು, ಕ್ಯೂ ಕಾಣುವ ವ್ಯವಸ್ಥೆ ಇನ್ನೊಂದು. ಎರಡೂ ಜೊತೆಗಿದ್ದಾಗಲೇ ಅದಕ್ಕೆ ಬೆಲೆ.

ಎಲ್ಲ ಸರಿಹೋಯಿತು ಅಂತ ನಾನು ಹೇಳುತ್ತಿಲ್ಲ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು ಭೂಮಿ ಯೋಜನೆಯನ್ನು ಗಟ್ಟಿಯಾಗಿ ಟೀಕಿಸಿ ಬರೆದರು. ಅಧಿಕಾರ ಹಳ್ಳಿಯಿಂದ ಎದ್ದು ಮೇಲಕ್ಕೆ ಹೋಗಿ ಕೂತಿತು, ಬೆಂಗಳೂರಿನ ಸುತ್ತ ದೊಡ್ಡ ಕುಳಗಳಿಗೆ ನೆಲ ಕೊಳ್ಳುವುದು ಇನ್ನೂ ಸುಲಭವಾಯಿತು ಎಂಬುದು ಅವರ ವಾದ. ಇದನ್ನು ಮರೆಯಬಾರದು. ಕ್ಯೂ ಒಳಗೆ ನ್ಯಾಯ ಇದ್ದ ಮಾತ್ರಕ್ಕೆ ಕ್ಯೂ ಯಾರ ಅನುಕೂಲಕ್ಕೆ ಹಾಕಿದ್ದು ಎಂಬ ಪ್ರಶ್ನೆ ಮುಗಿಯುವುದಿಲ್ಲ. ಮತ್ತೆ, ಸಾಫ್ಟ್‌ವೇರಿನಲ್ಲಿ ಕ್ಯೂ ಇದ್ದರೂ ಅದು ಪ್ರಿಂಟರ್‌ವರೆಗೆ ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದು.

ಆಗಿದ್ದನ್ನು ನಾನೇ ನೋಡಿದ್ದೇನೆ. ಒಮ್ಮೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪನಿಗೆ ಬ್ಯಾಂಕಿನ ಬೆಳೆಸಾಲ ರಿನ್ಯೂವಲ್‌ಗೆ ಪಹಣಿ ಬೇಕಿತ್ತು. ಎಲ್ಲಿ ಅಂತ ಹೇಳುವುದು ಬೇಡ, ದುಡ್ಡು ತಗೊಂಡು ಅರ್ಜಿ ತುಂಬಿ ಪ್ರಿಂಟ್ ಕೊಡುವ ಒಂದು ಕಡೆ. ಬೆಳಗ್ಗೆ ಒಂಬತ್ತೂವರೆಗೆ ಚೀಟಿ ಕೊಟ್ಟರು, ನಂಬರ್ 11. ಹನ್ನೆರಡಾಯಿತು. ನಮ್ಮ ಆಮೇಲೆ ಬಂದವರು ಕೆಲವರು ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ ಬಿಸಿ ಬಿಸಿ ಕಾಗದ ಹಿಡಿದು ಹೊರಗೆ ಬರುತ್ತಿದ್ದರು. ಚಿಕ್ಕಪ್ಪ ಜಗಳದ ಮನುಷ್ಯ ಅಲ್ಲ. ನೆರಳಿಗೆ ಕೂತು ಒಂದೇ ಮಾತು ಹೇಳಿದರು: "ಪ್ರಿಂಟ್ರು ಸದ್ದು ಮಾಡ್ತಾನೇ ಐತೆ, ನಂದು ಮಾತ್ರ ಬರ್ತಿಲ್ಲ ಕಣಪ್ಪ."

ಊಟದ ಹೊತ್ತಾಯಿತು, ಬಾಗಿಲು ಹಾಕಿದರು. ಪಹಣಿ ಸಿಕ್ಕಾಗ ಮೂರೂವರೆ. ಬ್ಯಾಂಕಿಗೆ ಹೋದರೆ "ನಾಳೆ ಬನ್ನಿ" ಅಂದರು. ಅವತ್ತು ಹೊಲದಲ್ಲಿ ಈರುಳ್ಳಿ ಕಳೆ ತೆಗೆಯಲು ಆಳು ಕರೆದಿದ್ದರು, ನೋಡಿಕೊಳ್ಳಲು ಯಾರೂ ಇರಲಿಲ್ಲ. ಆ ಒಂದು ದಿನದ ಲೆಕ್ಕ ಯಾವ ಲಾಗ್ ಫೈಲಿನಲ್ಲೂ ಬರೆದಿಲ್ಲ. ಪಕ್ಕದ ಬಾಗಿಲಿನಿಂದ ಹೋದವರಲ್ಲಿ ಯಾರಿಗಾದರೂ ನಿಜವಾದ ಅವಸರ ಇದ್ದಿರಬಹುದು, ಆಸ್ಪತ್ರೆಗೋ ಕೋರ್ಟಿಗೋ ಕಾಗದ ಬೇಕಿದ್ದಿರಬಹುದು. ನಮಗೆ ಗೊತ್ತಿಲ್ಲ. ಯಾರೂ ಹೇಳಲಿಲ್ಲ. ಚಿಕ್ಕಪ್ಪನಿಗೆ ನೋವಾದದ್ದು ತಡವಾಯಿತು ಅಂತ ಮಾತ್ರವಲ್ಲ. ನಿನಗೆ ಕಾರಣ ಹೇಳುವ ಅಗತ್ಯವಿಲ್ಲ ಅನ್ನುವ ಹಾಗೆ ನಡೆಸಿಕೊಂಡದ್ದಕ್ಕೆ.

ಹಾಗಾದರೆ ಕ್ಯೂ ಮುರಿಯಲೇಬಾರದು ಅಂತಲೇ? ಅಷ್ಟು ಸುಲಭವಿಲ್ಲ.

ಒಂದು ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 20 ಪುಟ ಮುದ್ರಿಸುವ ಪ್ರಿಂಟರ್. ಒಬ್ಬರು 200 ಪುಟ ಕೊಟ್ಟಿದ್ದಾರೆ. ಅವರ ಹಿಂದೆ ಐದು ಜನ, ತಲಾ ಒಂದು ಪುಟ. ಬಂದ ಕ್ರಮದಲ್ಲಿ ಹೋದರೆ ಆ ಐದೂ ಜನ ಒಂದೊಂದು ಹಾಳೆಗೆ 10 ನಿಮಿಷ ಕಾಯಬೇಕು. ಐದು ಜನರನ್ನು ಮುಂದೆ ಬಿಟ್ಟರೆ 200 ಪುಟದವರಿಗೆ ಹೆಚ್ಚಾಗುವುದು 15 ಸೆಕೆಂಡ್. ಇಲ್ಲಿ ನಿಯಮ ಹಿಡಿದುಕೊಂಡು ಕೂತವನನ್ನು ನ್ಯಾಯವಂತ ಅನ್ನುವುದಕ್ಕಿಂತ ಹಟಮಾರಿ ಅನ್ನುವುದು ಸರಿ. ಆದರೆ ಇದನ್ನೇ ಕಾಯಂ ನಿಯಮ ಮಾಡಿಬಿಟ್ಟರೆ? ಒಂದು ಪುಟದವರು ಬರುತ್ತಲೇ ಇರುತ್ತಾರೆ, 200 ಪುಟದವರ ಪಾಳಿ ಸಂಜೆಯಾದರೂ ಬರುವುದಿಲ್ಲ. ಕಂಪ್ಯೂಟರ್ ಸೈನ್ಸ್ ಓದಿದವರು ಇದಕ್ಕೆ 'ಸ್ಟಾರ್ವೇಶನ್' ಅನ್ನುತ್ತಾರೆ, ಅಂದರೆ ಉಪವಾಸ. ಪರೀಕ್ಷೆಗೆ ಅಂತ ಓದಿದಾಗ ಆ ಪದದ ತೂಕ ನನಗೆ ಗೊತ್ತಾಗಿರಲಿಲ್ಲ.

ಇನ್ನೊಂದು ದಾರಿ, ಯಾರಿಗೆ ಅರ್ಜೆಂಟ್ ಇದೆಯೋ ಅವರೇ ಅಂಕಿ ಹಾಕಿಕೊಳ್ಳಲಿ ಅನ್ನುವುದು. ಕಪ್ಸ್‌ನಲ್ಲಿ ಇದಕ್ಕೂ ಅವಕಾಶ ಇದೆ, ಪ್ರಿಂಟ್ ಕೊಡುವಾಗಲೇ ನೀವೇ '-ಕ್ಯೂ 100' ಅಂತ ಸೇರಿಸಬಹುದು. ಇದರ ಗತಿ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ನಿಮ್ಮ ಇನ್‌ಬಾಕ್ಸ್ ತೆರೆದು ಎಷ್ಟು ಮೇಲ್‌ಗಳ ಮೇಲೆ 'ಅರ್ಜೆಂಟ್' ಅಂತ ಇದೆ ನೋಡಿ. ನಿಮ್ಮ ಟೀಮಿನ ಟಿಕೆಟ್‌ಗಳಲ್ಲಿ ಎಷ್ಟು 'ಪಿ1' ಇವೆ ಎಣಿಸಿ. ಎಲ್ಲರೂ 100 ಹಾಕಿದ ದಿನ 100 ಅಂದರೆ ಮತ್ತೆ 50ಏ. ವ್ಯತ್ಯಾಸ ಇಷ್ಟೇ, ಸಂಕೋಚದವರು ಮಾತ್ರ 50ರಲ್ಲಿ ಉಳಿದು ಎಲ್ಲರಿಗಿಂತ ಹಿಂದೆ ಬೀಳುತ್ತಾರೆ. ನಮ್ಮ ಚಿಕ್ಕಪ್ಪನಂಥವರು.

ಇನ್ನು ಉಳಿದದ್ದು ಅಡ್ಮಿನ್. ಅವನು ಒಳ್ಳೆಯವನಾಗಿದ್ದು, ನೋಡಿ ತೂಗಿ ನಿರ್ಧಾರ ಮಾಡಿದರೆ ಸಾಲದೇ? ಇಲ್ಲೇ ಕಮಾಂಡ್ ಲೈನಿನ ನಿಜವಾದ ತೊಡಕು ಇರುವುದು. ನನ್ನ ಪರದೆ ಮೇಲೆ ನಂಬರ್ ಕಾಣುತ್ತದೆ, ಬೈಟ್ ಕಾಣುತ್ತದೆ. ಅಗತ್ಯ ಕಾಣುವುದಿಲ್ಲ. ಹಾಲಿನ ಅಂಗಡಿಯ ಸಾಲಿನಲ್ಲಿ ನುಗ್ಗಿದರೆ ಹತ್ತು ಮುಖ ನಿಮ್ಮ ಕಡೆ ತಿರುಗುತ್ತವೆ, ಒಬ್ಬರಾದರೂ "ಏನ್ರೀ, ನಾವೇನು ಸುಮ್ನೆ ನಿಂತಿದೀವಾ" ಅನ್ನುತ್ತಾರೆ. ಪರದೆಯ ಮೇಲಿನ 214, 215, 216 ಯಾವತ್ತೂ ಹಾಗೆ ಕೇಳಿಲ್ಲ.

ಒಂದು ದಿನ ಹೀಗಾಯಿತು. ಬೆಳಗ್ಗೆ ಹತ್ತೂ ಮುಕ್ಕಾಲು. ನಮ್ಮ ಆಫೀಸಿನ ಹಿರಿಯರೊಬ್ಬರ ಅಸಿಸ್ಟೆಂಟ್ ಫೋನ್ ಮಾಡಿ, "ಸರ್‌ಗೆ ಹನ್ನೊಂದಕ್ಕೆ ಮೀಟಿಂಗ್, 60 ಪುಟ ಇದೆ, ಉಳಿದಿದ್ದೆಲ್ಲ ನಿಲ್ಲಿಸಿ ಇದನ್ನ ಮುಂದೆ ಹಾಕಿ" ಅಂದರು. ಕ್ಯೂ ನೋಡಿದೆ. ಮುಂದೆ ನಾಲ್ಕು ಜಾಬ್ ಇದ್ದವು. ಮೂರು ಸ್ವಲ್ಪ ದೊಡ್ಡವು, ಒಂದು ರಿಸೆಪ್ಷನಿಸ್ಟ್ ಯೂಸರ್‌ನೇಮಿನಲ್ಲಿ, ಚಿಕ್ಕದು. ಕೂತಲ್ಲೇ ಮುಗಿಸಬಹುದಿತ್ತು, ಎರಡು ಸೆಕೆಂಡಿನ ಕೆಲಸ. ನಾನು ಎದ್ದು ಪ್ರಿಂಟರ್ ಹತ್ತಿರ ಹೋದೆ. ಅಲ್ಲಿದ್ದವರಿಗೆ, "ಹನ್ನೊಂದಕ್ಕೆ ಮೀಟಿಂಗ್ ಇದೆಯಂತೆ, 60 ಪುಟ, ಮೂರು ನಿಮಿಷ ಆಗುತ್ತೆ. ಮುಂದೆ ಬಿಡೋಣವಾ?" ಅಂತ ಕೇಳಿದೆ. ಇಬ್ಬರು "ಓಕೆ ಓಕೆ" ಅಂದರು. ಪಕ್ಕದಲ್ಲಿ ಹೌಸ್‌ಕೀಪಿಂಗ್ ಅಕ್ಕ ನಿಂತಿದ್ದರು. ರಿಸೆಪ್ಷನಿಸ್ಟ್ ಹೆಸರಿನಲ್ಲಿದ್ದ ಜಾಬ್ ಅವರದ್ದೇ. ಮಗಳ ಹಾಸ್ಟೆಲ್ ಅರ್ಜಿ, ಅವತ್ತೇ ಕೊನೆ ದಿನ. ಮಗಳು ಕೆಳಗೆ ಗೇಟಿನ ಹತ್ತಿರ ಕಾಯುತ್ತಿದ್ದಾಳೆ. ಅವರು ಮೆಲ್ಲಗೆ, "ನಂದು ಒಂದೇ ಹಾಳೆ ಸರ್. ಹನ್ನೊಂದಕ್ಕೆ ಮುಂಚೆ ಎರಡೂ ಆಗುತ್ತಲ್ವಾ?" ಅಂದರು.

ಆಗುತ್ತಿತ್ತು. ಎಲ್ಲರೂ ನಕ್ಕರು, ಅಸಿಸ್ಟೆಂಟೂ ನಕ್ಕರು. ಅಕ್ಕನ ಹಾಳೆ ಮೊದಲು ಬಂತು, ಆಮೇಲೆ 60 ಪುಟ, ಆಮೇಲೆ ಉಳಿದವು. ಮೀಟಿಂಗಿಗೂ ತಡವಾಗಲಿಲ್ಲ.

ಇದರಲ್ಲಿ ನನ್ನ ದೊಡ್ಡತನ ಏನೂ ಇಲ್ಲ, ನಾನು ಮಾಡಿದ್ದು ನಡೆದು ಹೋಗಿ ಕೇಳಿದ್ದು ಅಷ್ಟೇ. ಆದರೆ ಯೋಚನೆ ಮಾಡಿ: ಆ ಅಕ್ಕನ ವಿಷಯ ಯಾವ ಕಮಾಂಡಿಗೂ ಸಿಗುತ್ತಿರಲಿಲ್ಲ. ಅವರಿಗೆ ನಮ್ಮ ಸಿಸ್ಟಮ್‌ನಲ್ಲಿ ಯೂಸರ್‌ನೇಮೇ ಇಲ್ಲ. ಎಷ್ಟೇ ಒಳ್ಳೆಯ ಅಡ್ಮಿನ್ ಆದರೂ ತನ್ನ ಕುರ್ಚಿಯಲ್ಲಿ ಕೂತು ತೂಗಿದರೆ ತಕ್ಕಡಿಗೆ ಬೀಳುವುದು ಅವನಿಗೆ ಕಂಡದ್ದು ಮಾತ್ರ. ಫೋನ್ ಮಾಡುವಷ್ಟು ಸಲಿಗೆ ಇದ್ದವರ ಅಗತ್ಯ ಕೇಳಿಸುತ್ತದೆ, ಉಳಿದವರದ್ದು ಕೇಳಿಸುವುದಿಲ್ಲ. ಕಾಯುವವರ ಎದುರಿಗೆ ಹೋಗಿ ಕೇಳುವುದು ಬರೀ ಮರ್ಯಾದೆಯ ಮಾತಲ್ಲ. ಸರಿಯಾದ ನಿರ್ಧಾರಕ್ಕೆ ಬೇಕಾದ ಮಾಹಿತಿ ಇರುವುದೇ ಅವರ ಹತ್ತಿರ.

ಹಳೆಯ ಕೆರೆ ಊರುಗಳಲ್ಲಿ ನೀರುಗಂಟಿ ಅಂತ ಒಬ್ಬರು ಇರುತ್ತಿದ್ದರು. ತೂಬು ಎತ್ತುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವುದು ಅವರ ಕೆಲಸ. ಬಹಳ ಕಡೆ ದಲಿತ ಕುಟುಂಬದವರೇ ಈ ಕೆಲಸ ಮಾಡುತ್ತಿದ್ದರು. ಊರಿನ ಉಳಿದ ವ್ಯವಹಾರದಲ್ಲಿ ಅವರಿಗೆ ಸಿಗುತ್ತಿದ್ದ ಜಾಗ ಏನು ಅಂತ ನಮಗೆ ಗೊತ್ತು, ಅದನ್ನು ಹೊಗಳುವಂಥದ್ದೇನೂ ಇಲ್ಲ. ಆದರೆ ನೀರು ಬಿಡುವ ಕೆಲಸದಲ್ಲಿ ಒಂದು ಗುಣ ಇತ್ತು. ನೀರು ಯಾರ ಗದ್ದೆಗೆ ಹರಿಯುತ್ತಿದೆ ಅಂತ ಏರಿ ಮೇಲೆ ನಿಂತ ಯಾರಿಗೆ ಬೇಕಾದರೂ ಕಾಣುತ್ತಿತ್ತು. ಒಂದು ಗದ್ದೆಯ ಪೈರು ಒಣಗುತ್ತಿದೆ ಅಂತ ಪಾಳಿ ತಪ್ಪಿಸಿ ಬಿಟ್ಟರೆ, ಯಾಕೆ ಬಿಟ್ಟೆ ಅಂತ ಅದೇ ಏರಿಯ ಮೇಲೆ ಹೇಳಬೇಕಿತ್ತು. ಕಪ್ಪು ಪರದೆಯ ಮುಂದೆ ಕೂತ ನನ್ನಂಥವನಿಗೆ ಆ ಏರಿ ಇಲ್ಲ. ಇಲ್ಲದ್ದನ್ನು ನಾವೇ ಕಟ್ಟಿಕೊಳ್ಳಬೇಕು.

ಕಪ್ಸ್‌ನಲ್ಲೇ ಇದಕ್ಕೆ ಒಂದು ಕುತೂಹಲದ ಸುಳಿವು ಇದೆ. ಒಂದು ಪ್ರಿಂಟರನ್ನು ಪೂರ್ತಿ ನಿಲ್ಲಿಸಬೇಕಾದರೆ 'ಕಪ್ಸ್‌ಡಿಸೇಬಲ್' ಎಂಬ ಕಮಾಂಡ್ ಇದೆ. ಅದರ ಜೊತೆ '-ಆರ್' ಅಂತ ಹಾಕಿ ಕಾರಣ ಬರೆಯಬಹುದು: "ಟೋನರ್ ಮುಗಿದಿದೆ", "ಮೂರು ಗಂಟೆಗೆ ಸರಿಯಾಗುತ್ತೆ". ಸ್ಥಿತಿ ಕೇಳಿದವರಿಗೆ ಆ ಮಾತು ಕಾಣುತ್ತದೆ. ಕಾರಣ ಬರೆಯದಿದ್ದರೆ ಕಪ್ಸ್ ತಾನೇ ಒಂದು ಮಾತು ಸೇರಿಸುತ್ತದೆ: 'ರೀಸನ್ ಅನ್‌ನೋನ್', ಕಾರಣ ತಿಳಿದಿಲ್ಲ. ಅಂದರೆ ಎಲ್ಲರಿಗೂ ತೊಂದರೆ ಆಗುವಾಗ ಕಾರಣ ಕೊಡಬೇಕು, ಕೊಡದಿದ್ದರೆ ಕೊಟ್ಟಿಲ್ಲ ಅಂತಲಾದರೂ ಕಾಣಬೇಕು ಎಂಬುದು ಅದನ್ನು ಬರೆದವರಿಗೆ ಹೊಳೆದಿದೆ. ಆದರೆ ಒಂದು ಜಾಬನ್ನು ಮುಂದೆ ತರುವಾಗಲೋ ಹೋಲ್ಡ್ ಮಾಡುವಾಗಲೋ ಕ್ಯಾನ್ಸಲ್ ಮಾಡುವಾಗಲೋ ಕಾರಣ ಬರೆಯಲು ಜಾಗವೇ ಇಲ್ಲ. ಒಬ್ಬರಿಗೆ ಮಾತ್ರ ತೊಂದರೆ ಆಗುವಾಗ ಯಂತ್ರ ಏನೂ ಕೇಳುವುದಿಲ್ಲ. ನಮ್ಮ ಸಮಾಜದ ಅಭ್ಯಾಸವೂ ಇದೇ. ಊರಿಗೆಲ್ಲ ಕರೆಂಟ್ ತೆಗೆದರೆ ಪ್ರಕಟಣೆ ಬರುತ್ತದೆ. ಒಬ್ಬನ ಅರ್ಜಿ ಕೆಳಗೆ ಸರಿದರೆ ಅವನಿಗೂ ಗೊತ್ತಾಗುವುದಿಲ್ಲ.

ಫ್ರೀ ಸಾಫ್ಟ್‌ವೇರ್ ಚಳವಳಿಯ ಕಥೆ ಕೇಳಿದವರಿಗೆ ಅದರ ಶುರುವಿನಲ್ಲೂ ಒಂದು ಪ್ರಿಂಟರ್ ಇದೆ ಅಂತ ಗೊತ್ತು. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಹಳೆಯ ಪ್ರಿಂಟರಿನ ಪ್ರೋಗ್ರಾಮ್ ತಿದ್ದಿದ್ದರು. ಕಾಗದ ಸಿಕ್ಕಿಹಾಕಿಕೊಂಡರೆ ಪ್ರಿಂಟಿಗಾಗಿ ಕಾಯುತ್ತಿರುವ ಎಲ್ಲರ ಪರದೆಗೂ ಸಂದೇಶ ಹೋಗುತ್ತಿತ್ತು, ಯಾರಾದರೂ ಎದ್ದು ಹೋಗಿ ಸರಿಮಾಡುತ್ತಿದ್ದರು. 1980ರ ಆಸುಪಾಸಿನಲ್ಲಿ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು, ಅದರ ಸೋರ್ಸ್ ಕೋಡ್ ಕೊಡಲಿಲ್ಲ. ತಿದ್ದಲು ಆಗಲಿಲ್ಲ. 1983ರಲ್ಲಿ ಅವರು ಗ್ನೂ ಯೋಜನೆ ಘೋಷಿಸಿದರು. ಈ ಕಥೆಯನ್ನು ಸಾಮಾನ್ಯವಾಗಿ ಕೋಡಿನ ಸ್ವಾತಂತ್ರ್ಯದ ಕಥೆಯಾಗಿ ಹೇಳುತ್ತಾರೆ, ಅದು ಸರಿಯೇ. ಆದರೆ ಆ ಕೋಡ್ ಯಾವುದಕ್ಕೆ ಬೇಕಿತ್ತು ಅಂತ ಗಮನಿಸಿ. ಕಾಯುತ್ತಿರುವವರಿಗೆ ವಿಷಯ ತಿಳಿಸುವುದಕ್ಕೆ.

ಈ ಮಾತಿಗೆ ಗೆಳೆಯನೊಬ್ಬ ಎತ್ತಿದ ಆಕ್ಷೇಪಣೆ ಗಟ್ಟಿಯಾಗಿದೆ. "ಎಲ್ಲ ಕಾರಣ ಎಲ್ಲರ ಮುಂದೆ ಹೇಳೋಕಾಗುತ್ತಾ? ಒಬ್ಬಳ ಬಯಾಪ್ಸಿ ರಿಪೋರ್ಟ್ ಅರ್ಜೆಂಟ್ ಇರುತ್ತೆ, ಇನ್ನೊಬ್ಬನ ಡೈವೋರ್ಸ್ ಪೇಪರ್ ಇರುತ್ತೆ. ಪ್ರಿಂಟರ್ ಮುಂದೆ ನಿಂತು ಅದನ್ನ ಸಾರಬೇಕಾ?" ಖಂಡಿತ ಬೇಡ. ಕಪ್ಸ್ ಕೂಡ ಇದನ್ನು ಗಮನಿಸಿದೆ, ಬೇರೆಯವರ ಜಾಬಿನ ಹೆಸರನ್ನು ತಾನಾಗಿಯೇ ಮುಚ್ಚಿಡುತ್ತದೆ. ಆದರೆ ಎರಡು ಸಂಗತಿ ಬೇರೆ ಬೇರೆ. ಕ್ಯೂ ಮುರಿದಿದ್ದೇನೆ, ನಾನೇ ಮುರಿದದ್ದು, ಒಬ್ಬರಿಗೆ ಇವತ್ತೇ ಬೇಕಿತ್ತು, ನಿಮಗೆ ನಾಲ್ಕು ನಿಮಿಷ ತಡವಾಗುತ್ತದೆ ಅಂತ ಹೇಳಲು ಯಾರ ಗುಟ್ಟನ್ನೂ ಬಿಚ್ಚಬೇಕಿಲ್ಲ. ಮುಚ್ಚಿಡಬೇಕಾದ್ದು ಅವಸರದಲ್ಲಿರುವವರ ನೋವನ್ನು. ಮುರಿದವರ ಹೆಸರನ್ನಲ್ಲ. ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ಉಲ್ಟಾ: ಯಾರಿಗೆ ಏನು ಕಷ್ಟ ಅಂತ ಇಡೀ ಆಫೀಸಿಗೆ ಗೊತ್ತಿರುತ್ತದೆ, ಯಾರು ಯಾರ ಫೈಲ್ ಮೇಲೆ ಹಾಕಿದರು ಅಂತ ಯಾರಿಗೂ ಗೊತ್ತಿರುವುದಿಲ್ಲ.

"ಒಂದು ಪ್ರಿಂಟಿಗೆ ಇಷ್ಟೆಲ್ಲ ಯಾಕೆ" ಅಂತ ನಿಮಗೆ ಅನ್ನಿಸಿರಬಹುದು. ಇದನ್ನು ಓದುತ್ತಿರುವ ನಿಮ್ಮಲ್ಲಿ ಅರ್ಧದಷ್ಟು ಜನ ಯಾವುದೋ ಒಂದು ಕ್ಯೂ ನಡೆಸುತ್ತಿದ್ದೀರಿ. ರೆಸ್ಯೂಮೆಗಳ ಕ್ಯೂ, ಸಪೋರ್ಟ್ ಟಿಕೆಟ್‌ಗಳ ಕ್ಯೂ, ಸಾಲದ ಅರ್ಜಿಗಳ ಕ್ಯೂ, ಆಸ್ಪತ್ರೆಯ ಅಪಾಯಿಂಟ್‌ಮೆಂಟ್‌ಗಳ ಕ್ಯೂ, ರೀಫಂಡ್‌ಗಳ ಕ್ಯೂ. ಕೆಲವರು ಅದನ್ನು ವಿಂಗಡಿಸುವ ಕೋಡ್ ಬರೆಯುತ್ತಿದ್ದೀರಿ. ಅಲ್ಲೆಲ್ಲ ಕಾಯುವವರು ನಿಮಗೆ ನಂಬರ್ ಆಗಿ ಕಾಣುತ್ತಾರೆ, ನೀವು ಅವರಿಗೆ ಕಾಣುವುದೇ ಇಲ್ಲ. ನಿಮ್ಮ ಕೈಯಲ್ಲೂ ಒಂದು '-ಕ್ಯೂ 100' ಇದೆ. ಅದಕ್ಕೆ ಹೆಸರು ರೆಫರಲ್, ಎಸ್ಕಲೇಶನ್, ವಿಐಪಿ ಕಸ್ಟಮರ್, ಏನು ಬೇಕಾದರೂ ಇರಲಿ. ಅದನ್ನು ಎಂದೂ ಬಳಸಬೇಡಿ ಅಂತ ಹೇಳುವಷ್ಟು ಸಾಧು ನಾನಲ್ಲ. ಬಳಸಬೇಕಾದ ದಿನ ಬರುತ್ತದೆ, ಬಳಸದಿದ್ದರೆ ಅನ್ಯಾಯ ಆಗುವ ದಿನವೂ ಬರುತ್ತದೆ. ಹಿಂದೆ ಸರಿದವರ ಮುಂದೆ ನಿಂತು ಹೇಳಲು ಬಾಯಿ ಬರುವ ಕಾರಣ ಇದ್ದರೆ ಬಳಸಿ, ಆಮೇಲೆ ನಿಜವಾಗಿಯೂ ಹೇಳಿ. ಹೇಳಲು ನಾಲಿಗೆ ತಡವರಿಸಿದರೆ ಕೈಯನ್ನು ಕೀಬೋರ್ಡಿನಿಂದ ತೆಗೆಯಿರಿ.

ನಮ್ಮ ಆಫೀಸಿನಲ್ಲಿ ಈಗ ಒಂದು ಸಣ್ಣ ಪದ್ಧತಿ ಇದೆ. ಪ್ರಿಂಟರ್ ಮೇಲಿನ ಗೋಡೆಗೆ ಹಳೆಯ ಮಾನಿಟರ್ ಒಂದನ್ನು ತಗುಲಿಹಾಕಿದ್ದೇನೆ. ಕ್ಯೂ ಅದರಲ್ಲಿ ಓಡುತ್ತಿರುತ್ತದೆ: ನಂಬರ್, ಅಳತೆ, ಎಷ್ಟು ಹೊತ್ತಾಯಿತು. ಹೆಸರಿಲ್ಲ. ನಾನು ಯಾವುದನ್ನಾದರೂ ಮುಂದೆ ಹಾಕಿದರೆ ಕೆಳಗೆ ಒಂದು ಸಾಲು ಬರುತ್ತದೆ, ಏನು ಸರಿಸಿದೆ, ಯಾಕೆ ಅಂತ ನನ್ನ ಹೆಸರಿನ ಜೊತೆ. ಆ ಸ್ಕ್ರಿಪ್ಟ್ ಬರೆಯಲು ಒಂದು ಮಧ್ಯಾಹ್ನ ಸಾಕಾಯಿತು. ಅದಾದ ಮೇಲೆ "ಇದನ್ನ ಸ್ವಲ್ಪ ಮುಂದೆ ಹಾಕಿ" ಎಂಬ ಫೋನ್‌ಗಳು ಕಡಿಮೆಯಾಗಿವೆ. ಕಾರಣ ಗೋಡೆ ಮೇಲೆ ಬರುತ್ತದೆ ಅಂತ ಹೇಳಿದರೆ ಹೆಚ್ಚಿನವರು, "ಹೋಗ್ಲಿ ಬಿಡಿ, ಅಷ್ಟೇನೂ ಅರ್ಜೆಂಟ್ ಇಲ್ಲ" ಅನ್ನುತ್ತಾರೆ. ನಿಜವಾಗಿ ಅರ್ಜೆಂಟ್ ಇದ್ದವರು ಮಾತ್ರ ಹೇಳುತ್ತಾರೆ, ಕಾಯುವವರು ಜಾಗ ಬಿಡುತ್ತಾರೆ.